ಇನ್‌ಫ್ಲುಯೆಂಜಾ ಮತ್ತು ಮನೆಯ ತಾಯಿ

ಹುಬ್ಬಳ್ಳಿ–ಗದಗ ರೈಲುದಾರಿಯಲ್ಲಿ ಹುಲಕೋಟಿಯೆಂಬ ಊರುಂಟು. ಅಂದಿನ ಮುಂಬಯಿ ಇಲಾಖೆಗೆ ಸೇರಿದ್ದ ಇಂಥ ಊರುಗಳಿಗೂ ದೂರದ ರೇವುಗಳಿಗೂ ರೈಲು ನಂಟನ್ನು ಕಟ್ಟಿದ್ದಿತು. 1918ರ ಜೂನಿನಲ್ಲಿ ಮುಂಬಯಿಯಲ್ಲಿ ತೋರಿದ ಇನ್‌ಫ್ಲುಯೆಂಜಾ ಆ ಹಾದಿಗಳಲ್ಲಿಯೇ ಒಳನಾಡಿಗೆ ಹಬ್ಬಿ, ಸೆಪ್ಟೆಂಬರ್‌-ಅಕ್ಟೋಬರಿನಲ್ಲಿ ಘೋರವಾಯಿತು. ಭಾರತದಲ್ಲಿ ಕೋಟಿಗೂ ಮಿಕ್ಕಿ ಜನ ಮಡಿದರು. ಸಾಮಾನ್ಯವಾಗಿ ಶಿಶುಗಳನ್ನೂ ವೃದ್ಧರನ್ನೂ ಕಾಡುವ ಈ ಬೇನೆ ಆಗ 20ರಿಂದ 40ರ ಪ್ರಾಯದವರನ್ನೇ ವಿಶೇಷವಾಗಿ ಒಯ್ದಿತು, ಅದರಲ್ಲಿಯೂ ಹೆಂಗಸರನ್ನು. ಕೆಮ್ಮುವ ಮಗುವನ್ನು ಮಡಿಲಲ್ಲಿಟ್ಟುಕೊಂಡು, ತನಗೇ ಜ್ವರವೇರಿದಾಗಲೂ ಒಲೆಯ ಮುಂದಿನಿಂದ ಏಳದವಳು ತಾಯಿಯಲ್ಲವೆ?

ರೋಗದ ವೈರಸ್ ಮನುಷ್ಯರಲ್ಲಿ ಪತ್ತೆಯಾದುದು 1933ರಲ್ಲಿ. ಈಗ ಲಸಿಕೆಯೂ ಉಂಟು. ಆದರೂ ನಾವು ಜ್ವರಬಂದ ಮಗುವನ್ನು ಶಾಲೆಗೆ ಕಳುಹದೆ, ಗಾಳಿಯಾಡುವ ಕೋಣೆಯಲ್ಲಿ ಮಲಗಿಸಿ, ಕೆಮ್ಮುವಾಗ ಬಾಯಿ ಮುಚ್ಚುವುದನ್ನು ಕಲಿಸಿ, ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ತಾಯಿ ಹಾಸಿಗೆ ಹಿಡಿದರೆ ಒಲೆ ಹಚ್ಚುವವರಾರೆಂಬುದನ್ನು ಮನೆಯ ಗಂಡಸರು ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು.