ವೈರಿಯ ಮೂಗಿನೊಳಗೆ ಯಾರ ಎಂಜಿನ್?

ಯುದ್ಧದ ಸಿನಿಮಾ ಅಂದರೆ ನಾನು ನೋಡೋದು ನಾಯಕನನ್ನಲ್ಲ, ವಿಮಾನದ ಮೂಗನ್ನು!

'ಬ್ಯಾಟಲ್ ಆಫ್ ಬ್ರಿಟನ್' (1969) ನೋಡಿದ್ದೀರಾ? ಅದರಲ್ಲಿ ಹಾರುವ ಸ್ಪಿಟ್‌ಫೈರ್‌ಗಳು ಅಸಲಿ. ಆದರೆ ಜರ್ಮನ್ ಮೆಸ್ಸರ್‌ಸ್ಮಿಟ್ 109ಗಳನ್ನು ಸ್ವಲ್ಪ ಗಮನಿಸಿ. 1940ರ ವಿಮಾನದಲ್ಲಿ ಡೈಮ್ಲರ್-ಬೆಂಜ್ ಎಂಜಿನ್ ತಲೆಕೆಳಗಾಗಿ ಕೂತಿರುತ್ತಿತ್ತು, ಹಾಗಾಗಿ ಹೊಗೆಕೊಳವೆಗಳು ಮೂಗಿನ ಕೆಳಭಾಗದಲ್ಲಿ. ಸಿನಿಮಾದಲ್ಲಿ ಅವು ಮೇಲಿವೆ, ಗದ್ದ ಬೇರೆ ಉಬ್ಬಿದೆ!

ಅವು ಸ್ಪೇನ್ ವಾಯುಪಡೆಯ 'ಬುಚೋನ್'ಗಳು. ಒಡಲು ಮೆಸ್ಸರ್‌ಸ್ಮಿಟ್‌ನದು, ಎಂಜಿನ್ ಬ್ರಿಟನ್ನಿನ ರೋಲ್ಸ್ ರಾಯ್ಸ್ ಮರ್ಲಿನ್. ಯುದ್ಧದಲ್ಲಿ ಜರ್ಮನಿಯಿಂದ ಎಂಜಿನ್ ಬರದೆ ಹೋದಾಗ ಪರದಾಡಿದ ಸ್ಪೇನ್, 1950ರ ದಶಕದಲ್ಲಿ ಇದನ್ನು ಕೂರಿಸಿತು. ಅಂದರೆ ಸ್ಪಿಟ್‌ಫೈರನ್ನು ಅಟ್ಟಿಸಿಕೊಂಡು ಬರುವ ವೈರಿಯ ಎದೆಯಲ್ಲೂ ಸ್ಪಿಟ್‌ಫೈರಿನದೇ ಗುಂಡಿಗೆ!

ಸೇವೆ ಮುಗಿಸಿ ಗುಜರಿ ದಾರಿ ಹಿಡಿದಿದ್ದ ಬುಚೋನ್‌ಗಳಲ್ಲಿ ಹಲವು ಉಳಿದದ್ದು ಈ ಸಿನಿಮಾಕ್ಕೆ ಖರೀದಿಯಾದ್ದರಿಂದ. 'ಡನ್‌ಕರ್ಕ್' (2017) ಸಿನಿಮಾದಲ್ಲೂ ಬುಚೋನ್ ಹಾರಿದೆ. ನಕಲಿ ವೇಷವೇ ಅಸಲಿ ಇತಿಹಾಸವನ್ನು ಕಾಪಾಡಿತು ನೋಡಿ.