ಜೇನುಪೆಟ್ಟಿಗೆಯ ಅಳತೆ

ಪಾಸ್ಖ ಜಾಗರಣೆಯಲ್ಲಿ ನಾವು ಹಾಡುವ ಘೋಷಗೀತೆಯು ಮೇಣವನ್ನಿತ್ತ ಜೇನ್ನೊಣವನ್ನೂ ನೆನೆಯುತ್ತದೆ. ಆ ನೊಣವನ್ನು ಮಡಕೆಯಲ್ಲಿ ಸಾಕುತ್ತಿದ್ದ ನಮ್ಮ ಹಿರಿಯರು ತುಪ್ಪಕ್ಕಾಗಿ ಎರಿಗಳನ್ನೇ ಕೊಯ್ದು ಹಿಂಡುತ್ತಿದ್ದರು, ಮರಿಗಳೂ ಸಾಯುತ್ತಿದ್ದವು.

1851ರಲ್ಲಿ ಅಮೆರಿಕದ ಧರ್ಮಬೋಧಕ ಲ್ಯಾಂಗ್‌ಸ್ಟ್ರಾತ್‌ರವರು ಚೌಕಟ್ಟುಗಳನ್ನು ಎತ್ತಿಡಬಹುದಾದ ಪೆಟ್ಟಿಗೆಯನ್ನು ರೂಪಿಸಿದರು. ನಮ್ಮ ತುಡುವೆ ಜೇನಿಗೆ ಅದು ಅತಿ ದೊಡ್ಡದು. ಈ ಕೊರತೆಯನ್ನು ನೀಗಿಸಿದವರು ತಿರುಚಿರಾಪಳ್ಳಿಯ ವಂದನೀಯ ನ್ಯೂಟನ್ ಸ್ವಾಮಿಗಳು. 1911ರಿಂದ 1917ರವರೆಗೆ ಅವರು ಜನರಿಗೆ ಜೇನುಸಾಕಣೆ ಕಲಿಸಿದರು. ಅವರ ಹೆಸರಿನ ಕಿರುಪೆಟ್ಟಿಗೆ ದಕ್ಷಿಣ ಭಾರತದಲ್ಲಿ ಹಬ್ಬಿತು.

ಊರ ಬಡಗಿಯೂ ಅದನ್ನು ಮಾಡಬಲ್ಲನು. ವಾಸನೆಯಿಲ್ಲದ ಒಣಹಲಗೆ ಸಾಕು, ಅಂದ ಬೇಡ. ಆದರೆ ಚೌಕಟ್ಟುಗಳ ಸುತ್ತ ಜೇನು ನುಸುಳುವಷ್ಟೇ ಎಡೆಯಿರಬೇಕು. ಹೆಚ್ಚಾದರೆ ಅಲ್ಲಿಯೂ ಎರಿ ಕಟ್ಟಿ ಎಲ್ಲವನ್ನೂ ಬೆಸೆದುಬಿಡುತ್ತವೆ. ಕಡಿಮೆಯಾದರೆ ಓಡಾಟವೇ ನಿಲ್ಲುತ್ತದೆ. ಇಲ್ಲಿ ಕಣ್ಣಂದಾಜನ್ನು ನಾವು ನಂಬೆವು. ಹೊಗೆಯಾಡಿಸಲು ತೆಂಗಿನ ನಾರು ತುಂಬಿದ ತಗಡಿನ ಡಬ್ಬಿಯಾದರೂ ಆದೀತು.

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗವು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿತು. ಎಷ್ಟೋ ಹಿತ್ತಲುಗಳಲ್ಲಿ ಬರಿಯ ಪೆಟ್ಟಿಗೆಗಳು ಉಳಿದವು. ಬದುಕುಳಿದ ಕುಟುಂಬಗಳಿಂದ ತುಡುವೆ ಮೆಲ್ಲನೆ ಮರಳಿ ವೃದ್ಧಿಯಾಯಿತು. ರಾಜಾಜಿನಗರದ ಇಕ್ಕಟ್ಟಿನ ನಿವೇಶನಗಳ ಮಾತು ಬಿಡೋಣ. ಕೆಂಗೇರಿಯ ಕಡೆ ಹಿತ್ತಲುಳ್ಳ ನಮ್ಮ ಬಂಧುಗಳು ಖಾಲಿ ಪೆಟ್ಟಿಗೆಯ ಒಳಗೆ ಮೇಣ ಸವರಿ ನೆರಳಿನಲ್ಲಿಟ್ಟರೆ, ಪಾಲಾಗಿ ಹೊರಟ ಕುಟುಂಬವೊಂದು ತಾನಾಗಿ ಬಂದು ನೆಲೆಸುವುದುಂಟು.