ನಿಂತು ನೇಯುವ ಮಗ್ಗ

ಪುಣೆಯ ಲಕ್ಷ್ಮಿ ರಸ್ತೆಯ ಅಂಗಡಿಗಳಲ್ಲಿ 'ಖಣ್' ಕೇಳಿದರೆ ಬಣ್ಣಬಣ್ಣದ ತುಂಡುಗಳನ್ನು ಮುಂದೆ ರಾಶಿ ಹಾಕುತ್ತಾರೆ. ಗೌರಿ-ಗಣಪತಿ ಹಬ್ಬ ಹತ್ತಿರ ಬಂದಾಗಂತೂ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇದು ನಮ್ಮ ಗುಳೇದಗುಡ್ಡದ್ದು ಎಂದು ನಾನು ಹೇಳಿದರೆ ಪಕ್ಕದಲ್ಲಿ ನಿಂತವರು, ಇದು ನಮ್ಮ ಮರಾಠಿ ಖಣ್ ಅಲ್ಲವೇ ಎನ್ನುತ್ತಾರೆ. ಅವರದೂ ತಪ್ಪಲ್ಲ. ಬಾದಾಮಿಯ ಮಗ್ಗುಲಿನ ನಮ್ಮೂರಲ್ಲಿ ನೇಯ್ದ ಖಣ ತಲೆಮಾರುಗಳಿಂದ ಇಲ್ಲಿನ ಹೆಂಗಸರ ಕುಪ್ಪಸವಾಗುತ್ತಲೇ ಬಂದಿದೆ. ಬಟ್ಟೆ ಮೊದಲು ಬಂತು, ನಾನು ಆಮೇಲೆ ಮದುವೆಯಾಗಿ ಬಂದೆ.

ಊರ ಮನೆಯಲ್ಲಿ ಎರಡು ಕುಣಿಮಗ್ಗ ಇದ್ದವು. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೇ ಏಳುತ್ತಿದ್ದದ್ದು. ಅವ್ವ ಮತ್ತು ನಾನು ನೂಲು ಬಿಚ್ಚುವುದು, ಕಂಡಿಕೆ ಸುತ್ತುವುದು, ಕಡಿದ ಎಳೆ ಕೂಡಿಸುವುದು. ಬೇರೆ ಮನೆಗಳಲ್ಲಿ ಹೆಂಗಸರೂ ಮಗ್ಗಕ್ಕೆ ಕೂಡುತ್ತಿದ್ದರು, ನಮ್ಮಲ್ಲಿ ಮಾತ್ರ ಅದು ಅಪ್ಪನ ಜಾಗ. ಹಾಗಾಗಿ ನೇಕಾರರ ಮಗಳಾದರೂ ನಾನು ಒಂದೇ ಒಂದು ಲಾಳಿ ಎಸೆದವಳಲ್ಲ. ವಿದ್ಯುತ್ ಮಗ್ಗದ ಅಗ್ಗದ ಖಣ ಬಂದ ಮೇಲೆ ನಮ್ಮ ಮೊದಲನೇ ಮಗ್ಗ ಬಿಚ್ಚಿತು, ಕೆಲವು ವರ್ಷದಲ್ಲಿ ಎರಡನೆಯದೂ ಹೋಯಿತು. ಕುಣಿಗೆ ಮಣ್ಣು ತುಂಬಿ ಮೇಲೆ ಕಡಪಾ ಕಲ್ಲು ಹಾಕಿಸಿದರು. ಇವತ್ತಿಗೂ ಆ ಜಾಗದಲ್ಲಿ ನೆಲ ತುಸು ತಗ್ಗಾಗಿಯೇ ಇದೆ.

ಇಂಥವಳು ಐವತ್ತು ದಾಟಿದ ಮೇಲೆ ಕೋಥರೂಡಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಮಗ್ಗ ನಿಲ್ಲಿಸಿದ್ದಕ್ಕೆ ಒಂದು ಪುಸ್ತಕ ಕಾರಣ. ಎಲಿಜಬೆತ್ ವೇಲ್ಯಾಂಡ್ ಬಾರ್ಬರ್ ಎಂಬ ಅಮೆರಿಕದ ವಿದ್ವಾಂಸೆ 1994ರಲ್ಲಿ ಬರೆದದ್ದು, ಹೆಂಗಸರ ನೂಲುವ ನೇಯುವ ಕೆಲಸದ ಇಪ್ಪತ್ತು ಸಾವಿರ ವರ್ಷದ ಚರಿತ್ರೆ. ಅದರಲ್ಲಿ ಗ್ರೀಕರ ಮಗ್ಗದ ಚಿತ್ರ ನೋಡಿ ನಾನು ಬೆರಗಾದೆ. ಕುಣಿ ಇಲ್ಲ, ಕಾಲ್ಮಣೆ ಇಲ್ಲ, ಹಣಿಗೆಯೂ ಇಲ್ಲ. ಗೋಡೆಗೆ ಒರಗಿಸಿದ ಎರಡು ಕಂಬ, ಮೇಲೆ ಒಂದು ಅಡ್ಡತೊಲೆ. ತೊಲೆಯಿಂದ ಹಾಸಿನ ಎಳೆಗಳು ಕೆಳಗೆ ಇಳಿಬಿದ್ದಿವೆ. ಎಳೆಗಳ ತುದಿಗೆ ಗೊಂಚಲು ಗೊಂಚಲಾಗಿ ಮಣ್ಣಿನ ಗುಂಡು ಕಟ್ಟಿದೆ. ಅದರ ಮುಂದೆ ಹೆಂಗಸರು ನಿಂತು ನೇಯುತ್ತಿದ್ದಾರೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಒಂದು ಎಣ್ಣೆಯ ಹೂಜಿಯ ಮೇಲಿನ ಚಿತ್ರ ಅದು. ಕ್ರಿ.ಪೂ. 550ರಿಂದ 530ರ ಸುಮಾರಿನದು, ಬರೆದವನನ್ನು ಅಮಾಸಿಸ್ ಚಿತ್ರಕಾರ ಎನ್ನುತ್ತಾರೆ. ಹೂಜಿ 17 ಸೆಂಟಿಮೀಟರಿನಷ್ಟೇ ಎತ್ತರ, ಅಂದರೆ ನಮ್ಮ ಗೇಣಿಗಿಂತ ತುಸು ಕಮ್ಮಿ. ಅಷ್ಟರಲ್ಲೇ ಕೆಲವರು ನೂಲುತ್ತಾರೆ, ಕೆಲವರು ಉಣ್ಣೆ ತೂಗುತ್ತಾರೆ, ಇಬ್ಬರು ಮಗ್ಗದ ಮುಂದಿದ್ದಾರೆ. ತಕ್ಕಡಿ ನೋಡಿದ ಕೂಡಲೇ ನನಗೆ ನಮ್ಮೂರ ಸಾವಕಾರರ ಪಡಸಾಲೆ ನೆನಪಾಯಿತು. ಅದರ ಮಾತು ಆಮೇಲೆ.

ಬಟ್ಟೆ ಕೊಳೆತು ಹೋಗುತ್ತದೆ, ಮಗ್ಗದ ಕಟ್ಟಿಗೆಯೂ ಕೊಳೆಯುತ್ತದೆ. ಮೊಹೆಂಜೊದಾರೋದಲ್ಲಿ ಹತ್ತಿಬಟ್ಟೆಯ ಚೂರು ಉಳಿದದ್ದು ಬೆಳ್ಳಿಯ ಪಾತ್ರೆಗೆ ಅಂಟಿಕೊಂಡಿತ್ತು ಎನ್ನುವ ಕಾರಣಕ್ಕೆ. ಆದರೆ ಈ ಮಗ್ಗದ ಮಣ್ಣಿನ ಗುಂಡು ಕೊಳೆಯುವುದಿಲ್ಲ. ಮಧ್ಯ ಯುರೋಪಿನಲ್ಲಿ, ಹಂಗೇರಿಯ ಸುತ್ತಮುತ್ತ, ಕ್ರಿ.ಪೂ. 6ನೇ ಸಹಸ್ರಮಾನದಷ್ಟು ಹಳೆಯ ಗುಂಡುಗಳು ಸಿಕ್ಕಿವೆ. ಟ್ರಾಯ್‌ನಲ್ಲಿ ಬೆಂಕಿಗೆ ಬಿದ್ದ ಒಂದು ಕೋಣೆಯಲ್ಲಿ ಮಗ್ಗ ಸುಟ್ಟು ಹೋಗಿದೆ, ಗುಂಡುಗಳು ಮಾತ್ರ ಬಿದ್ದಲ್ಲೇ ಸಾಲಾಗಿ ಉಳಿದಿವೆ. ಅಗೆಯುವವರು ಸಾಲಿನ ಉದ್ದ ಅಳೆದು ಬಟ್ಟೆಯ ಅಗಲ ಹೇಳುತ್ತಾರೆ. ನಮ್ಮ ಕುಣಿಮಗ್ಗಕ್ಕೆ ಆ ಭಾಗ್ಯವಿಲ್ಲ. ಕುಣಿ ಮುಚ್ಚಿದರೆ ಮುಗಿಯಿತು.

ಕೆಲಸ ಹೀಗೆ: ಹಾಸನ್ನು ಅರ್ಧರ್ಧ ಮಾಡಬೇಕು. ಮುಂದಿನ ಅರ್ಧ, ಕೆಳಗಿರುವ ಅಡ್ಡಕೋಲಿನ ಮೇಲಿಂದ ಹಾದು ಮುಂದಕ್ಕೆ ತೂಗುತ್ತದೆ. ಹಿಂದಿನ ಅರ್ಧ ನೆಟ್ಟಗೆ ತೂಗುಗುಂಡಿನ ಹಾಗೆ ಇಳಿಯುತ್ತದೆ. ಮಗ್ಗ ಗೋಡೆಗೆ ಒರಗಿರುವುದರಿಂದ ಇವೆರಡರ ನಡುವೆ ತಾನಾಗೇ ಸಂದು. ಹೊಕ್ಕು ಹಾಕಿ. ಹಿಂದಿನ ಒಂದೊಂದು ಎಳೆಗೂ ನೂಲಿನ ಕುಣಿಕೆ ಕಟ್ಟಿ, ಎಲ್ಲ ಕುಣಿಕೆಗಳನ್ನೂ ಇನ್ನೊಂದು ಕೋಲಿಗೆ ಬಿಗಿದಿರುತ್ತೇವೆ. ಆ ಕೋಲನ್ನು ಮುಂದಕ್ಕೆಳೆದು ಗೂಟದ ಮೇಲಿಟ್ಟರೆ ಹಿಂದಿನದು ಮುಂದೆ ಬಂದು ಎರಡನೇ ಸಂದು ಬೀಳುತ್ತದೆ. ಮತ್ತೆ ಹೊಕ್ಕು. ಅಪ್ಪ ಕಾಲಲ್ಲಿ ಮಾಡುತ್ತಿದ್ದದ್ದನ್ನು ಇಲ್ಲಿ ಕೈಯಲ್ಲಿ ಮಾಡುವುದು, ಅಷ್ಟೇ. ಆದರೆ ಹೊಕ್ಕನ್ನು ಬಡಿಯುವುದು ಮೇಲಕ್ಕೆ, ಕತ್ತಿಯಂಥ ಹಲಗೆಯಿಂದ. ಬಟ್ಟೆ ಮೇಲಿಂದ ಕೆಳಕ್ಕೆ ಬೆಳೆಯುತ್ತದೆ.

ಇದಕ್ಕಿಂತ ನನ್ನನ್ನು ಸೋಲಿಸಿದ್ದು ಆರಂಭದ ಪಟ್ಟಿ. ಮೊದಲು ಬೇರೆಯಾಗಿ ಒಂದು ಕಿರಿದಾದ ಪಟ್ಟಿ ನೇಯಬೇಕು. ಅದರ ಹೊಕ್ಕನ್ನು ಒಂದು ಬದಿಗೆ ಮಾರುದ್ದ ಹೊರಗೆಳೆದು ಬಿಡಬೇಕು. ಆ ಪಟ್ಟಿಯನ್ನು ಅಡ್ಡತೊಲೆಗೆ ಹೊಲಿದರೆ ಇಳಿಬಿದ್ದ ಹೊಕ್ಕೇ ದೊಡ್ಡ ಬಟ್ಟೆಯ ಹಾಸು! ಹಾಸುಹೊಕ್ಕು ಎಂಬ ಮಾತನ್ನು ನಾವು ದಿನಾ ಆಡುತ್ತೇವೆ. ಒಂದರ ಹೊಕ್ಕು ಇನ್ನೊಂದರ ಹಾಸಾಗುವುದನ್ನು ನಾನು ಕಂಡದ್ದು ಇಲ್ಲೇ. ಹಳೆಯ ಬಟ್ಟೆಯ ಚೂರಿನಲ್ಲಿ ಇಂಥ ಪಟ್ಟಿ ಕಂಡರೆ ಅದು ಈ ಮಗ್ಗದ್ದಿರಬೇಕು ಎಂದು ವಿದ್ವಾಂಸರು ಗುರುತಿಸುತ್ತಾರೆ.

ಗುಂಡಿನ ಲೆಕ್ಕವೂ ಸುಲಭದ್ದಲ್ಲ. ಕೋಪನ್‌ಹೇಗನ್ನಿನಲ್ಲಿ 2005ರಲ್ಲಿ ಶುರುವಾದ ಜವಳಿ ಸಂಶೋಧನಾ ಕೇಂದ್ರದವರು ಹಳೆಯ ಗುಂಡುಗಳ ಹಾಗೇ ಗುಂಡು ಮಾಡಿ, ನೇಯ್ದು ನೋಡಿ, ಒಂದು ಸಂಗತಿ ಕಂಡುಕೊಂಡರು. ಒಂದು ಗುಂಡಿಗೆ ಎಷ್ಟು ಎಳೆ ಎಂಬುದನ್ನು ಅದರ ತೂಕ ಹೇಳುತ್ತದೆ, ಎಳೆಗಳು ಎಷ್ಟು ಒತ್ತಾಗಿರಬೇಕು ಎಂಬುದನ್ನು ಅದರ ದಪ್ಪ ಹೇಳುತ್ತದೆ. ನನ್ನ ಬಟ್ಟೆ 60 ಸೆಂಟಿಮೀಟರ್ ಅಗಲ, ಸೆಂಟಿಮೀಟರಿಗೆ 6 ಎಳೆ, ಒಟ್ಟು 360. ನನ್ನ ನೂಲಿಗೆ ಎಳೆಯೊಂದಕ್ಕೆ 20 ಗ್ರಾಂ ಎಳೆತ ಬೇಕು. ಅಂದರೆ 7 ಕಿಲೋ 200 ಗ್ರಾಂ. 400 ಗ್ರಾಮಿನ ಗುಂಡಾದರೆ 18, ಮುಂದೆ ಒಂಬತ್ತು, ಹಿಂದೆ ಒಂಬತ್ತು. ಮೊದಲು ನೀರಿನ ಬಾಟಲಿ ಕಟ್ಟಿದ್ದೆ. ತೂಕ ಸರಿ, ದಪ್ಪ ಜಾಸ್ತಿ. ಎಳೆಗಳು ಬೀಸಣಿಗೆಯ ಹಾಗೆ ಅಗಲವಾದವು. ಕಸಬಾ ಪೇಠದ ಕುಂಬಾರವಾಡದಿಂದ ಜೇಡಿಮಣ್ಣು ತಂದು ಚಪ್ಪಟೆ ಬಿಲ್ಲೆ ತಟ್ಟಿದೆ. ಒಣಗಿದ ಮೇಲೆ ತೂಕ ಇಳಿಯುತ್ತದೆ ಎಂಬುದು ತಲೆಗೆ ಹೊಳೆದದ್ದು ಹದಿನೆಂಟೂ ಒಣಗಿದ ಮೇಲೆ.

ಉಣ್ಣೆಯ ಕತೆ ಬೇರೆ. ಈ ಮಗ್ಗ ಬಹುಮಟ್ಟಿಗೆ ಉಣ್ಣೆಯ ಮಗ್ಗ. ಅಂಗಡಿಯ ಮೆತ್ತನೆಯ ಉಣ್ಣೆ ತೂಕಕ್ಕೆ ಜೋತು ಬಿದ್ದು ಪಟಪಟ ಕಡಿಯಿತು. ದೀಪಾವಳಿಯ ಹೊತ್ತಿಗೆ ಕೊಂಕಣದ ಕಡೆ ಹೊರಡುವ ಧನಗರರು ಊರ ಹೊರಗೆ ಬೀಡು ಬಿಟ್ಟಿರುತ್ತಾರೆ. ಅವರ ದಖ್ಖನಿ ಕುರಿಯ ಒರಟು ಉಣ್ಣೆಗೆ ಈಗ ಗಿರಾಕಿಯೇ ಇಲ್ಲ. ನಮ್ಮ ಹಾಲುಮತದವರ ಬೀರಪ್ಪನೇ ಅವರ ಬಿರೋಬಾ. ಆ ಹೆಸರು ತೆಗೆದದ್ದಕ್ಕೆ ಮುದುಕ ಕುರುಬರೊಬ್ಬರು ಒಂದು ಚೀಲ ಉಣ್ಣೆ ಸುಮ್ಮನೆ ಕೊಟ್ಟರು. ತಕಲಿಯಲ್ಲಿ ಬಿಗಿಯಾಗಿ ನೂತರೆ ಆ ಒರಟು ಕೂದಲು ಹಾಸಿಗೆ ಹೇಳಿ ಮಾಡಿಸಿದ್ದು. ಉತ್ತರದ ನಾರ್ವೆ, ಐಸ್‌ಲ್ಯಾಂಡಿನ ಹೆಂಗಸರೂ ಕುರಿಯ ಉದ್ದನೆಯ ಒರಟು ಕೂದಲನ್ನು ಬೇರೆ ಮಾಡಿ ಹಾಸಿಗೆ, ಒಳಗಿನ ಮೆತ್ತನೆಯದನ್ನು ಹೊಕ್ಕಿಗೆ ಬಳಸುತ್ತಿದ್ದರು.

ಆ ಉತ್ತರದಲ್ಲೇ ಈ ಮಗ್ಗ ಕಡೆಯವರೆಗೆ ಉಳಿದದ್ದು. ಯುರೋಪಿನ ಪಟ್ಟಣಗಳಿಗೆ 11ನೇ ಶತಮಾನದ ಸುಮಾರಿಗೆ ಕಾಲ್ಮಣೆಯ ಅಡ್ಡಮಗ್ಗ ಬಂತು. ನೇಯ್ಗೆ ಗಂಡಸರ ಸಂಘದ ಕಸುಬಾಯಿತು. ಐಸ್‌ಲ್ಯಾಂಡಿನಲ್ಲಿ ಮಾತ್ರ 18ನೇ ಶತಮಾನದವರೆಗೂ ಹೆಂಗಸರು ನಿಂತೇ ನೇಯ್ದರು. ಅವರು ನೇಯ್ದ 'ವಾದ್‌ಮಾಲ್' ಎಂಬ ಉಣ್ಣೆ ಬಟ್ಟೆ ಅಲ್ಲಿ ಹಣವಾಗಿ ನಡೆಯುತ್ತಿತ್ತು; ದಂಡವನ್ನೂ ಬಟ್ಟೆಯ ಅಳತೆಯಲ್ಲಿ ಕೊಡಬಹುದಿತ್ತು. ವೈಕಿಂಗರ ಹಡಗಿನ ಹಾಯಿಯೂ ಇದೇ ಮಗ್ಗದ ಉಣ್ಣೆ ಬಟ್ಟೆ. ಒಂದು ದೊಡ್ಡ ಹಾಯಿಗೆ ನೂಲು, ನೇಯ್ಗೆ ಎಲ್ಲ ಸೇರಿ ಹಲವು ವರ್ಷದ ದುಡಿಮೆ. ಅವರ ನ್ಯಾಲನ ಕಥೆಯಲ್ಲಿ 1014ರ ಕ್ಲಾಂಟಾರ್ಫ್ ಯುದ್ಧದ ಹೊತ್ತಿಗೆ ಒಂದು ಭಯಂಕರ ಮಗ್ಗ ಬರುತ್ತದೆ: ಹಾಸಿಗೆ ಮನುಷ್ಯರ ಕರುಳು, ಗುಂಡಿನ ಬದಲು ರುಂಡ, ಬಡಿಯಲು ಖಡ್ಗ. ಮಗ್ಗ ಗೊತ್ತಿಲ್ಲದವರಿಗೆ ಅಂಥ ಕಲ್ಪನೆ ಬರಲು ಸಾಧ್ಯವಿಲ್ಲ. ನಾರ್ವೆಯ ಮಾರ್ತಾ ಹಾಫ್‌ಮನ್ 1950ರ ದಶಕದಲ್ಲಿ ಊರೂರು ತಿರುಗಿ, ಪಶ್ಚಿಮ ಕರಾವಳಿಯಲ್ಲೂ ಉತ್ತರದ ಸಾಮಿ ಜನರಲ್ಲೂ ಇದನ್ನು ಬಲ್ಲ ಮುದುಕಿಯರನ್ನು ಹುಡುಕಿದರು. 1964ರಲ್ಲಿ ಬಂದ ಅವರ ಪುಸ್ತಕವೇ ಇವತ್ತಿಗೂ ಎಲ್ಲರ ಆಧಾರ. ಕಲಿಯುವವರಿಗೆ ಅದೃಷ್ಟ, ಇನ್ನು ಒಂದು ತಲೆಮಾರು ತಡವಾಗಿದ್ದರೆ ಎಷ್ಟೋ ಸಂಗತಿ ಹೋಗೇಬಿಡುತ್ತಿತ್ತು.

ಪೆನೆಲೊಪಿಯ ಕಥೆ ಎಲ್ಲರಿಗೂ ಗೊತ್ತು. ಮಾವನ ಶವಕ್ಕೆ ಹೊದಿಸುವ ಬಟ್ಟೆಯನ್ನು ಹಗಲು ನೇಯ್ದು ರಾತ್ರಿ ಬಿಚ್ಚುತ್ತಾ ಮೂರು ವರ್ಷ ದೂಡಿದಳು. ನಾನು ತಪ್ಪಾದ ನಾಲ್ಕು ಬೆರಳು ಬಿಚ್ಚಿದಾಗ ನೇಯ್ದಷ್ಟೇ ಹೊತ್ತು ಹಿಡಿಯಿತು. ಉಣ್ಣೆ ಒಂದಕ್ಕೊಂದು ಕಚ್ಚಿಕೊಂಡು ಜುಂಜು ಏಳುತ್ತದೆ. ಆಕೆ ರಾತ್ರಿಯೆಲ್ಲ ದೀಪದ ಮುಂದೆ ಎಷ್ಟು ಕಣ್ಣು ಕೆಡಿಸಿಕೊಂಡಿರಬೇಕು!

ಈಗ ತಕ್ಕಡಿಯ ಮಾತು. ಗ್ರೀಸಿನ ನಾಸೊಸ್, ಪೈಲಾಸ್ ಅರಮನೆಗಳಲ್ಲಿ ಮಣ್ಣಿನ ಹಲಗೆಗಳ ಮೇಲೆ ಬರೆದ ಲೆಕ್ಕಗಳು ಸಿಕ್ಕಿವೆ, ಪೈಲಾಸಿನವು ಕ್ರಿ.ಪೂ. 1200ರ ಸುಮಾರಿನವು. ನೂಲುವ, ನೇಯುವ ಹೆಂಗಸರು ಇಷ್ಟು ಮಂದಿ, ಅವರ ಮಕ್ಕಳು ಇಷ್ಟು, ಗೋಧಿ ಇಷ್ಟು, ಅಂಜೂರ ಇಷ್ಟು. ಒಬ್ಬಳ ಹೆಸರೂ ಇಲ್ಲ, ಗುಂಪಿನ ಲೆಕ್ಕ. ಅರಮನೆ ಉಣ್ಣೆಯನ್ನು ತೂಗಿ ಕೊಡುತ್ತಿತ್ತು, ಅದರ ಪ್ರಕಾರ ಬಟ್ಟೆ ಲೆಕ್ಕ ಹಾಕಿ ತೆಗೆದುಕೊಳ್ಳುತ್ತಿತ್ತು. ಈ ಪದ್ಧತಿಗೆ ಅವರಲ್ಲೊಂದು ಹೆಸರೇ ಇತ್ತು, 'ತಲಾಸಿಯಾ', ತೂಗಿಕೊಟ್ಟದ್ದು ಎಂದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಅಪ್ಪನೂ ಸಾವಕಾರರ ಪಡಸಾಲೆಯಲ್ಲಿ ನೂಲು ತೂಗಿಸಿಕೊಂಡು ಬರುತ್ತಿದ್ದರು, ಖಣ ಕೊಡುವಾಗ ಮತ್ತೆ ತೂಗುತ್ತಿದ್ದರು. ಹತ್ತು ತೊಲೆ ಕಮ್ಮಿ ಬಿದ್ದರೆ ಮಜೂರಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಗಂಜಿ ತೂಕ, ತೇವದ ತೂಕ, ಚೂರಾಗಿ ಬಿದ್ದ ನೂಲು, ಎಲ್ಲಕ್ಕೂ ವಾದ. ಅವ್ವ ನೆಲ ಗುಡಿಸುವಾಗ ನೂಲಿನ ತುಣುಕನ್ನೆಲ್ಲ ಆರಿಸಿ ಡಬ್ಬಿಯಲ್ಲಿಟ್ಟು, ಲೆಕ್ಕಕ್ಕೆ ಹಿಡಿಯಿರಿ ಎಂದು ಕಳಿಸುತ್ತಿದ್ದಳು.

ಹೋದ ವರ್ಷ ಅಪ್ಪ ಕಣ್ಣಿನ ಪೊರೆ ತೆಗೆಸಲು ನಮ್ಮಲ್ಲಿಗೆ ಬಂದರು. ಎಪ್ಪತ್ತೆಂಟು ವಯಸ್ಸು. ಬಾಲ್ಕನಿಗೆ ಹೋದವರು ಅಲ್ಲೇ ನಿಂತರು.

'ಇದೇನ ಯವ್ವಾ, ಅರಬಿ ಒಣಹಾಕೂದೇನ?'

'ಮಗ್ಗ, ಅಪ್ಪಾ.'

'ಕುಣಿ ಎಲ್ಲೈತಿ?'

'ನಿಂತ ನೇಯೂದು. ಹೊಕ್ಕ ಮ್ಯಾಲಕ್ಕ ಬಡಿಯೂದು.'

'ಗ್ವಾಡಿ ತಳದಾಗಿಂದ ಕಟ್ಟತಾರ. ನೀ ಮಾಳಿಗಿ ಕಡಿಂದ ಕಟ್ಟಾಕ್ಹತ್ತೀಯಲ್ಲ!'

ನಾನು ಗ್ರೀಕರು, ಟ್ರಾಯ್, ಐಸ್‌ಲ್ಯಾಂಡ್ ಎಲ್ಲ ಹೇಳಿದೆ. ಅರಮನೆಯ ತಕ್ಕಡಿಯ ಮಾತು ಬಂದಾಗ ಮಾತ್ರ ತಲೆ ಎತ್ತಿ, 'ಅವಾಗಿಂದ ಐತೇನ ಅದು?' ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: 'ಇದಕ್ಕ ಎಷ್ಟ ಕೊಡತಾರ?'

'ಯಾರೂ ಕೊಡೂದಿಲ್ಲ. ಹವ್ಯಾಸಕ್ಕ.'

'ನಿನ್ನ ಕೂಡ ಬ್ಯಾಡ ಅಂತ ಸಾಲಿ ಕಲಿಸಿದ್ನಿ' ಎಂದರು. ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. ಮೊಣಕಾಲು, ಸೊಂಟ ಎಲ್ಲ ಕುಣಿಗೆ ಕೊಟ್ಟು ಬಂದವರ ಎದುರು ನಾನು ಭಾನುವಾರ ಎರಡು ತಾಸು ಆಡುವ ಆಟವನ್ನು ಏನೆಂದು ಸಮರ್ಥಿಸಲಿ? ಓದಿದ್ದೆಲ್ಲ ಬಾಯಿಗೆ ಬರಲಿಲ್ಲ. ಒಳಗೆ ಹೋಗಿ ಚಹಾಕ್ಕಿಟ್ಟೆ.

ಬಂದು ನೋಡಿದರೆ ಅಪ್ಪ ಮಗ್ಗದ ಮುಂದೆ ಕುರ್ಚಿ ಹಾಕಿಕೊಂಡು ಹೊಸ ಕಣ್ಣನ್ನು ಕಿರಿದು ಮಾಡಿ ಅಂಚು ಮುಟ್ಟುತ್ತಿದ್ದರು. 'ಅಂಚ ಒಳಗ ಜಗ್ಗೇತಿ. ಹೊಕ್ಕ ಬಿಗಿ ಹಿಡದಿ. ಕಮಾನು ಮಾಡಿ ಬಿಡಬೇಕ.' ಅಳತೆ ಹಿಡಿದೆ. ಮೇಲೆ 60 ಇದ್ದದ್ದು ಎರಡು ಗೇಣು ಕೆಳಗೆ 53 ಆಗಿತ್ತು. ಪುಸ್ತಕದಲ್ಲೂ ಇದೇ ಎಚ್ಚರಿಕೆ ಇತ್ತು, ಓದಿಯೂ ಇದ್ದೆ. ಎಳೆಗಳು ಜುಂಜಾಗುವುದನ್ನು ನೋಡಿ, 'ಕಂಬಳಿ ನೇಯವ್ರು ಹುಣಸಿ ಬೀಜದ ಗಂಜಿ ಹಚ್ಚತಾರ, ನೀ ಹಚ್ಚಿಲ್ಲ' ಎಂದೂ ಹೇಳಿದರು. ನಾನು ಹಚ್ಚಿರಲಿಲ್ಲ.

ಆ ತುಂಡನ್ನು ಅಲ್ಲಿಗೇ ಕತ್ತರಿಸಿ ಇಳಿಸಿದೆ. ಈಗ ಹುಣಸೆ ಬೀಜ ಹುರಿದು ಕುಟ್ಟಿ, ಗಂಜಿ ಕಾಸಿ, ಹೊಸ ಹಾಸು ಏರಿಸಿದ್ದೇನೆ. ಅಪ್ಪ ಊರಿಂದ ಫೋನು ಮಾಡಿದಾಗ ಅಳಿಯ, ಮೊಮ್ಮಕ್ಕಳು ಎಲ್ಲರನ್ನೂ ವಿಚಾರಿಸಿ, ಇಡುವ ಮುಂಚೆ 'ಅಂಚ ಹ್ಯಾಂಗೈತಿ?' ಅನ್ನುತ್ತಾರೆ. ನಿನ್ನೆ ಅಳೆದೆ, 58.